ಕಾಡೂಟ

ನಮ್ಮ ಊರಿನಲ್ಲಿ ಮದುವೆಯ ಮಾತು ಗಟ್ಟಿಯಾಗುವ ಮೊದಲು ಎರಡೂ ಮನೆಯವರು ಕೂಡಿ ಒಂದು ಭಾನುವಾರ ಕಾಡಿಗೆ ಹೋಗಿ ಉಂಡು ಬರಬೇಕು. ಅದನ್ನು ಪರೀಕ್ಷೆ ಎಂದು ಯಾರೂ ಕರೆಯುವುದಿಲ್ಲ, ಕಾಡೂಟ ಎನ್ನುತ್ತಾರೆ. ಬುತ್ತಿ ಕಟ್ಟಿಕೊಂಡು, ಜಮಖಾನ ಸುತ್ತಿಕೊಂಡು, ಶಟ್ಲ್ ಬ್ಯಾಟು, ಚೆಂಡು, ಕಾಫಿ ಫ್ಲಾಸ್ಕು ಎಲ್ಲ ಹೊತ್ತು, ಟಿಕೆಟ್ ತೆಗೆದುಕೊಂಡು ರಾಷ್ಟ್ರೀಯ ಉದ್ಯಾನದ ದೊಡ್ಡ ಬಾಗಿಲಿನಿಂದ ಒಳಗೆ ಹೋಗುವುದು. ವ್ಯಾನಿನಲ್ಲಿ ಕೂತು ಜಿಂಕೆ ನೋಡುವುದು. ಕೆರೆಯಲ್ಲಿ ದೋಣಿ ಹತ್ತುವುದು. ಮಧ್ಯಾಹ್ನ ಬಯಲಿನಲ್ಲಿ ಮರಗಳ ಕೆಳಗೆ ಕೂತು ಊಟ ಮಾಡುವುದು. ಊಟ ಮುಗಿಯುವವರೆಗೆ ಯಾವ ಮರವೂ ಬಾಗದಿದ್ದರೆ ಸಾಯಂಕಾಲ ಊರಿಗೆ ಹಿಂದಿರುಗಿ ತಾಂಬೂಲ ಬದಲಾಯಿಸಿಕೊಳ್ಳುತ್ತಾರೆ. ಬಾಗಿದರೆ ಇಲ್ಲ.

ಮರ ಬಾಗುವುದು ಒಳಗಿನವರಿಗೆ. ಒಳಗಿನವರು ಎಂದರೆ ಈ ಕಾಡಿನಲ್ಲಿ ಹುಟ್ಟಿದವರು. ತಂತಿಬೇಲಿ ಬಂದಾಗ ಅವರನ್ನೂ ಅವರ ಕೋಳಿ ಕುಕ್ಕೆಗಳನ್ನೂ ಲಾರಿಗಳಿಗೆ ತುಂಬಿ ತಂದು ನಮ್ಮ ಊರಿನ ಕಸಾಯಿಖಾನೆಯ ಹಿಂದೆ ಇಳಿಸಿದರು. ಅಂದಿನಿಂದ ಅವರ ಹೆಸರು ಒಳಗಿನವರು. ಒಳಗೆ ಬಿಡದಿರುವುದು ಅವರನ್ನು ಮಾತ್ರ. ಊರಿನ ಚರಂಡಿಗೆ ಇಳಿಯುವವರು ಅವರು, ಮಂಡಿಯಲ್ಲಿ ಮೂಟೆ ಹೊರುವವರು ಅವರು, ವಾರಸುದಾರರಿಲ್ಲದ ಹೆಣ ಎತ್ತುವವರೂ ಅವರೇ. ಅವರ ಬರಿಗಾಲು ಕಾಡಿನ ಮಣ್ಣಿಗೆ ತಾಗಿದರೆ ಸಾಕು, ಹತ್ತಿರದ ಮರ ಅವರ ಕಡೆಗೆ ಬಾಗಿಬಿಡುತ್ತದೆ, ಹಸು ಕರುವಿನ ಕಡೆ ಕತ್ತು ಚಾಚುವ ಹಾಗೆ. ಹಾಗೆ ಬಾಗಿದರೆ ಆ ಮನುಷ್ಯರು ಕಾಡಿನ ಹಿಂಬಾಗಿಲಿನ ಹಾದಿ ಹಿಡಿದು, ನಡೆದುಕೊಂಡೇ ಹೊರಗೆ ಹೋಗಬೇಕು. ದೊಡ್ಡ ಬಾಗಿಲು ಟಿಕೆಟ್ ಕೊಂಡವರದು. ನನ್ನಂಥ, ಹೊರಗೆ ಹುಟ್ಟಿದ ಮಕ್ಕಳಿಗೆ ಮರ ಬಾಗುವುದಿಲ್ಲ. ಆದರೆ ತಾಯಿಗೆ ಬಾಗಿತೆಂದರೆ ಮಕ್ಕಳಿಗೂ ಬಾಗಿದಂತೆಯೇ ಎಂದು ಊರು ತೀರ್ಮಾನ ಮಾಡಿಕೊಂಡಿದೆ. ಅದಕ್ಕೇ ಕಾಡೂಟಕ್ಕೆ ಹುಡುಗ ಹುಡುಗಿ ಬರದಿದ್ದರೂ ನಡೆದೀತು, ಹೆತ್ತವರು ಬರಲೇಬೇಕು.

ನನ್ನ ಅಮ್ಮ ಒಳಗಿನವಳು ಎಂದು ನನಗೆ ಗೊತ್ತಾದದ್ದು ನಮ್ಮ ಕಾಡೂಟಕ್ಕೆ ಇನ್ನೇನು ಹೊರಡಬೇಕು ಎನ್ನುವಾಗ. ಅಪ್ಪ ಒಂದು ನರ್ಸಿಂಗ್ ಹೋಮಿನಲ್ಲಿ ಕಾಂಪೌಂಡರ್. ಶುಕ್ರವಾರ ಕೆಲಸ ಮುಗಿಸಿ ಬರುವಾಗ ಒಂದು ಚೀಲ ಪ್ಲಾಸ್ಟರ್ ಪಟ್ಟಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರು. ಅಮ್ಮ ಹುಣಸೆಹಣ್ಣು ಕಿವುಚುತ್ತಿದ್ದಳು. "ಯಾರಿಗಪ್ಪ ಏಟು ಬಿದ್ದಿದ್ದು?" ಎಂದು ನಾನು ಕೇಳಿದೆ. "ನಿಮ್ಮಮ್ಮಂಗೆ," ಎಂದರು ಅಪ್ಪ. "ಇನ್ನೂ ಬಿದ್ದಿಲ್ಲ. ನಾಳೆ ಬೀಳ್ತಾಳೆ. ಬಚ್ಚಲಲ್ಲಿ ಜಾರಿ." ಅಮ್ಮ ತಲೆ ಎತ್ತದೆ ಕಿವುಚುತ್ತಲೇ ಇದ್ದಳು. ಆಗ ಅಪ್ಪ ಹೇಳಿದರು. ಲಾರಿಯಿಂದ ಇಳಿಸಿದ ಮಕ್ಕಳಿಗೆಲ್ಲ ಜ್ವರ ಬಂದಾಗ ಅಪ್ಪನ ಅಪ್ಪ ಔಷಧಿ ಕೊಡಲು ಹೋಗುತ್ತಿದ್ದರಂತೆ, ಅಪ್ಪ ಪೆಟ್ಟಿಗೆ ಹಿಡಿದು ಹಿಂದೆ. ಆ ಮಕ್ಕಳಲ್ಲಿ ಅಮ್ಮ ಒಬ್ಬಳು. ಮುಂದೆ ಇಬ್ಬರೂ ದೊಡ್ಡವರಾಗಿ, ಯಾರಿಗೂ ಹೇಳದೆ ಮದುವೆಯಾಗಿ, ಬೀದಿ ಬದಲಾಯಿಸಿ, ಕೆಂಚಿ ಎಂದಿದ್ದ ಹೆಸರನ್ನು ಕಾಂಚನ ಎಂದು ತಿದ್ದಿ, ಇಷ್ಟು ವರ್ಷ ಸಂಸಾರ ಮಾಡಿದ್ದರು. ನಾನು ಚಿಕ್ಕವಳಿದ್ದಾಗಿನಿಂದ ಕಾಡಿಗೆ ಹೋಗುವ ದಿನವೇ ಅಮ್ಮನಿಗೆ ಯಾಕೆ ತಲೆನೋವು ಬರುತ್ತಿತ್ತು, ನಮಗೆಲ್ಲ ಬುತ್ತಿ ಕಟ್ಟಿಕೊಟ್ಟು ತಾನೊಬ್ಬಳೇ ಯಾಕೆ ಮನೆಯಲ್ಲಿ ಉಳಿಯುತ್ತಿದ್ದಳು ಎನ್ನುವುದು ಆ ಕ್ಷಣದಲ್ಲಿ ನನಗೆ ಅರ್ಥವಾಯಿತು.

ಅರ್ಥವಾದ ಮೇಲೆ ನಾನು ಅಮ್ಮನನ್ನು ತಬ್ಬಿಕೊಂಡೆ ಎಂದು ಬರೆಯಲು ಆಗಿದ್ದರೆ ಚೆನ್ನಾಗಿತ್ತು. ನಾನು ಮಾಡಿದ್ದು ಅದಲ್ಲ. ನಾನು ಅವಳ ಕೈ ನೋಡಿದೆ. ಹುಣಸೆ ರಸದಲ್ಲಿ ಮುಳುಗಿದ್ದ ಆ ಕೈ ಬೇರೆಯವರ ಕೈಯಂತೆ ಕಂಡಿತು. ಆಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು, "ದಿವಾಕರನಿಗೆ ಗೊತ್ತಾದ್ರೆ?" ಎನ್ನುವುದು.

ದಿವಾಕರ ಎಂದರೆ ನಾನು ಮದುವೆಯಾಗಬೇಕಿದ್ದ ಹುಡುಗ. ಹೈಸ್ಕೂಲಿನಲ್ಲಿ ಮೇಷ್ಟ್ರು. ನಾನು ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುವವಳು. ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ವಾರಕ್ಕೊಮ್ಮೆ ನಾವು ಒಂದಷ್ಟು ಜನ ಸೇರಿ ಪುಸ್ತಕ ಓದಿ ಚರ್ಚೆ ಮಾಡುತ್ತಿದ್ದೆವು. ಅಲ್ಲಿ ಸಮಾನತೆಯ ಬಗ್ಗೆ ದಿವಾಕರ ಮಾತಾಡಿದರೆ ಹೊರಗೆ ಪತ್ರಿಕೆ ಓದುತ್ತಿದ್ದ ಮುದುಕರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅವನ ಮಾತಿಗೆ ನಾನು ಮರುಳಾದೆ, ಸುಳ್ಳೇಕೆ. ಕಾಡೂಟದ ಮಾತು ಬಂದಾಗ ಅವನು ನಕ್ಕುಬಿಟ್ಟ. "ಎಲ್ಲಾ ಗೊಡ್ಡು ಕುಮುದಾ. ನಂಗೇನೂ ನಂಬಿಕೆ ಇಲ್ಲ. ಏನೋ ಅಮ್ಮನ ಸಮಾಧಾನಕ್ಕೆ ಒಂದಿನ ಹೋಗಿ ಊಟ ಮಾಡ್ಕೊಂಡ್ ಬಂದ್ಬಿಡೋಣ." ನಾನೂ ನಕ್ಕಿದ್ದೆ. ನಗುವಾಗ ನನಗೇನು ಗೊತ್ತಿತ್ತು.

ಪಾದ ಮಣ್ಣಿಗೆ ತಾಗದಿದ್ದರೆ ಮರಕ್ಕೆ ತಿಳಿಯುವುದಿಲ್ಲ. ಅಪ್ಪನ ಉಪಾಯ ಇಷ್ಟೇ. ಶನಿವಾರ ಬಾಗಿಲು ಹಾಕಿಕೊಂಡು ಅಮ್ಮನ ಗಟ್ಟಿಮುಟ್ಟಾದ ಬಲಗಾಲಿಗೆ ಬೆರಳಿನಿಂದ ಮೊಣಕಾಲಿನವರೆಗೆ ಪ್ಲಾಸ್ಟರ್ ಸುತ್ತಿದರು. ನಾನು ಬಿಸಿನೀರಿನಲ್ಲಿ ಪಟ್ಟಿ ನೆನೆಸಿ ನೆನೆಸಿ ಕೊಟ್ಟೆ. ಅಮ್ಮ ಕಾಲು ಚಾಚಿಕೊಂಡು ಕೂತು, "ಬಿಗಿಯಾಗಿ ಸುತ್ತಿ. ಸಡ್ಲ ಆದ್ರೆ ನಾಟಕ ಅಂತ ಗೊತ್ತಾಗುತ್ತೆ," ಎಂದಳು. "ನೋವಾಗಲ್ವಾ?" ಎಂದು ಕೇಳಿದ್ದಕ್ಕೆ, "ಮುರಿದಿರೋ ಕಾಲಿಗೆ ತಾನೇ ನೋವು? ಇದಕ್ಕೇನು ಕೇಡು," ಎಂದು ನಕ್ಕಳು. ನರ್ಸಿಂಗ್ ಹೋಮಿನ ತಳ್ಳುಕುರ್ಚಿಯನ್ನು ಅಪ್ಪ ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದರು. ಆ ಕಾಲಿನಲ್ಲೇ ಕುಂಟುತ್ತಾ ಅಮ್ಮ ಬೆಳಗಿನ ಜಾವಕ್ಕೆ ಎದ್ದು ಎಲ್ಲರಿಗೂ ಪುಳಿಯೋಗರೆ ಕಲಸಿದಳು.

ದೊಡ್ಡ ಬಾಗಿಲಿನ ಹತ್ತಿರ ಅವರು ಆಗಲೇ ಕಾಯುತ್ತಿದ್ದರು. ದಿವಾಕರ, ಅವನ ಅಪ್ಪ ತೋಟಪ್ಪನವರು, ಅಮ್ಮ ಮಂಗಳಮ್ಮ. ತೋಟಪ್ಪನವರದು ಊರಿನಲ್ಲಿ ಮರದ ಡಿಪೋ. ಎತ್ತರದ ದನಿ, ದೊಡ್ಡ ಹೊಟ್ಟೆ, ಯಾವ ಮರ ಕಂಡರೂ ಅದರಲ್ಲಿ ಎಷ್ಟು ಬಾಗಿಲು ಎಷ್ಟು ಕಿಟಕಿ ಎಂದು ಲೆಕ್ಕ ಹಾಕುವ ಕಣ್ಣು. ಮಂಗಳಮ್ಮ ರೇಷ್ಮೆ ಸೀರೆ ಉಟ್ಟು, ಅದರ ಕೆಳಗೆ ಬೆಟ್ಟ ಹತ್ತುವವರು ಹಾಕುವಂಥ ದಪ್ಪ ಬೂಟು ಹಾಕಿದ್ದರು. ನಾನು ನೋಡಿದ್ದನ್ನು ಕಂಡು, "ಕಾಡಲ್ಲಿ ಮುಳ್ಳು ಜಾಸ್ತಿ ಕಣಮ್ಮ," ಎಂದರು. ಆಮೇಲೆ ಅಮ್ಮನ ಕಾಲನ್ನು ಬಹಳ ಹೊತ್ತು ನೋಡಿ, "ಅಯ್ಯೋ, ಹೇಗಾಯ್ತ್ರೀ ಇದು?" ಎಂದರು. "ಬಚ್ಚಲು," ಎಂದಳು ಅಮ್ಮ. "ಬಚ್ಚಲು ಬಲು ಕೆಟ್ಟದು," ಎಂದು ತೋಟಪ್ಪನವರು ಒಪ್ಪಿದರು. "ಇಂಥ ಕಾಲಲ್ಲೂ ಮಗಳಿಗೋಸ್ಕರ ಬಂದ್ರಲ್ಲ ತಾಯಿ, ದೊಡ್ಡ ಮಾತು."

ಆ ದಿನ ನಾನು ಅಮ್ಮನನ್ನು ತಳ್ಳಿಕೊಂಡು ಕಾಡು ಸುತ್ತಿದೆ. ಹಿಂದೆಂದೂ ಅವಳು ನೋಡದ ಕಾಡು ಎಂಬಂತೆ ನಾನು ಅವಳಿಗೆ ತೋರಿಸಬೇಕು, ಅವಳು ಕಣ್ಣರಳಿಸಬೇಕು. "ಅದೋ ಅಮ್ಮ, ಕಾಟಿ." "ಓಹೋ, ಅಷ್ಟು ದೊಡ್ಡದಿರುತ್ತಾ?" ಕಾವಲು ಗೋಪುರದ ಹತ್ತಿರ ಪರ ಊರಿನ ಹೆಂಗಸೊಬ್ಬಳು ತನ್ನ ಮಗಳ ಕಿವಿ ಹಿಂಡಿ, "ನೋಡೇ, ನೋಡಿ ಕಲಿ. ಅಮ್ಮನ್ನ ಹೆಂಗೆ ನೋಡ್ಕೊತಿದಾಳೆ," ಎಂದಳು. ಆ ಹುಡುಗಿ ನನ್ನನ್ನು ದುರುಗುಟ್ಟಿ ನೋಡಿತು. ಅದರ ನೋಟವೇ ಸರಿ ಎಂದು ನನಗೆ ಅನ್ನಿಸಿತು.  ಕೆರೆಯ ಹತ್ತಿರ ದಿವಾಕರ ನನ್ನನ್ನು ದೋಣಿಗೆ ಕರೆದ. ಅಮ್ಮನನ್ನು ದಡದ ಕಲ್ಲುಹಾಸಿನ ಮೇಲೆ ಬಿಟ್ಟು, ಗಾಲಿಗೆ ಅಡ್ಡ ಇಟ್ಟು ನಾನು ಹೋದೆ. ಅವನು ಹುಟ್ಟು ಹಾಕುತ್ತಾ ಏನೇನೋ ತಮಾಷೆ ಮಾಡಿದ, ನಾನೂ ನಕ್ಕೆ. ನೀರಿನ ನಡುವಿನಿಂದ ದಡದ ಕಡೆ ನೋಡಿದಾಗ ಅಮ್ಮ ಕುರ್ಚಿಯ ಅಂಚಿಗೆ ಬಂದು, ಕೈ ಚಾಚಿ, ಪಕ್ಕದ ನೇರಳೆ ಮರದ ತೊಗಟೆಯನ್ನು ಸವರುತ್ತಿದ್ದಳು. ಯಾರಾದರೂ ನೋಡಿದರೆ ಎಂದು ದಡದ ಉದ್ದಕ್ಕೂ ಕಣ್ಣಾಡಿಸಿದೆ. ಮರ ಅಲುಗಲಿಲ್ಲ. ಅಬ್ಬ ಎಂದುಕೊಂಡೆ. ಆ ನೆಮ್ಮದಿ ಈಗಲೂ ನನಗೆ ನೆನಪಿದೆ, ಅದಕ್ಕಿಂತ ಕೊಳಕಾದದ್ದನ್ನು ನಾನು ಇನ್ನೂ ಅನುಭವಿಸಿಲ್ಲ.

ಊಟದ ಬಯಲಿಗೆ ಬಂದಾಗ ಅಲ್ಲಿ ಆಗಲೇ ಜನ ತುಂಬಿದ್ದರು. ಮಕ್ಕಳು ಚೆಂಡು ಹೊಡೆಯುತ್ತಿದ್ದರು, ಗಂಡಸರು ಒಲೆ ಹಚ್ಚಬಾರದು ಎಂಬ ಫಲಕದ ಕೆಳಗೇ ಒಲೆ ಹಚ್ಚಿ ಕಾವಲುಗಾರನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದರು. ನಮ್ಮಂತೆಯೇ ಕಾಡೂಟಕ್ಕೆ ಬಂದ ಇನ್ನೊಂದು ಜೋಡಿ ಮನೆಯವರು ಸ್ವಲ್ಪ ದೂರದಲ್ಲಿ ಹೊನ್ನೆಮರದ ಕೆಳಗೆ ಜಮಖಾನ ಹಾಸಿದ್ದರು. ಹೊಸ ಸೀರೆಯ ಸರಬರ, ಅತಿಯಾದ ನಗು, ಎಲ್ಲರೂ ಆಗಾಗ ಮೇಲೆ ನೋಡುವುದು. ಕಾಡೂಟದವರನ್ನು ಎಲ್ಲಿದ್ದರೂ ಗುರುತು ಹಿಡಿಯಬಹುದು. ಅವರ ಜೊತೆ ಒಬ್ಬ ಅಜ್ಜಿ ಇದ್ದಳು. ಸಣ್ಣ ಮೈ, ಬೆನ್ನು ಬಾಗಿತ್ತು. ಯಾರದೋ ದೊಡ್ಡ ಅಳತೆಯ ರಬ್ಬರ್ ಚಪ್ಪಲಿಯನ್ನು ದಾರದಲ್ಲಿ ಕಾಲಿಗೆ ಬಿಗಿದು ಕಟ್ಟಿದ್ದರು. ಹಾಗೆ ಯಾಕೆ ಕಟ್ಟಿದ್ದಾರೆಂದು ನಾನು ಯೋಚಿಸಲಿಲ್ಲ. ಅಮ್ಮ ಮಾತ್ರ ಆ ಕಾಲುಗಳನ್ನೇ ನೋಡುತ್ತಿದ್ದಳು.

ನಾವು ಜಮಖಾನ ಹಾಸಿದೆವು. ಅಮ್ಮ ಕುರ್ಚಿಯಲ್ಲೇ. ಮಂಗಳಮ್ಮ ತಮಗೆ ಮಂಡಿ ನೋವೆಂದು ಮಡಚುವ ಸ್ಟೂಲನ್ನು ತರಿಸಿ ಅದರ ಮೇಲೆ ಕೂತರು, ಬೂಟು ಬಿಚ್ಚಲಿಲ್ಲ. ನಾನು ಎಲೆ ಹಾಕುತ್ತಿರುವಾಗ ಅತ್ತ ಹೊನ್ನೆಮರದ ಕೆಳಗೂ ಎಲೆ ಹಾಕಿದರು. ಅನ್ನದ ಎದುರು ಕೂರುವಾಗ ಚಪ್ಪಲಿ ಕಳಚುವುದು ಎಷ್ಟು ವರ್ಷದ ಅಭ್ಯಾಸವೋ, ಅಜ್ಜಿ ಮೆಲ್ಲಗೆ ಬಗ್ಗಿ ದಾರ ಬಿಚ್ಚಿ ಎರಡೂ ಚಪ್ಪಲಿಗಳನ್ನು ಜೋಡಿಸಿ ಪಕ್ಕಕ್ಕಿಟ್ಟಳು. ಅವಳ ಮಗ ಇರಬೇಕು, "ಅವ್ವಾ!" ಎಂದು ಕೂಗಿದ. ಅಷ್ಟರಲ್ಲಿ ಅವಳ ಪಾದ ಹುಲ್ಲಿನ ಮೇಲಿತ್ತು.

ಹೊನ್ನೆಮರ ಬಾಗಿತು. ಗಾಳಿ ಬೀಸಲಿಲ್ಲ, ಒಂದು ಎಲೆಯೂ ಉದುರಲಿಲ್ಲ. ಅಷ್ಟು ದೊಡ್ಡ ಮರ ಸೊಂಟದಿಂದ ಬಾಗಿ ತನ್ನ ಕೊಂಬೆಯನ್ನು ಅಜ್ಜಿಯ ಹೆಗಲ ಮೇಲೆ ಇಟ್ಟಿತು. ಬಯಲಿನಲ್ಲಿ ಶಟ್ಲ್ ಆಡುತ್ತಿದ್ದವರು ಬ್ಯಾಟು ಇಳಿಸಿದರು. ಆಮೇಲೆ ಆ ಕಡೆಯ ಬೀಗರು ಎದ್ದರು. ಶಲ್ಯ ಕೊಡವಿದರು, ಪಾತ್ರೆ ಎತ್ತಿದರು, ಜಮಖಾನದ ತಮ್ಮ ಅರ್ಧವನ್ನು ಎಳೆದುಕೊಂಡರು. ಅಜ್ಜಿಯ ಮಗನೂ ಎದ್ದ. ಅವಳ ಕೈ ಹಿಡಿಯಲಿಲ್ಲ, ಬೀಗರ ಹಿಂದೆ ಓಡಿದ. "ಸ್ವಾಮಿ, ಒಂದು ಮಾತು ಕೇಳಿ, ಸ್ವಾಮಿ, ಆಕೆ ನಮ್ಮ ಸ್ವಂತ ತಾಯಲ್ಲ, ಸಾಕಿದಾಕೆ." ಪರ ಊರಿನವರು ಫೋನು ಎತ್ತಿ ಫೋಟೊ ತೆಗೆದರು. ಕಾವಲುಗಾರ ಒಲೆಯವರನ್ನು ಬಿಟ್ಟು ಬಂದು, "ಏಳಮ್ಮ, ಹಿಂಬಾಗಿಲು ಗೊತ್ತಲ್ಲ, ನಡಿ ನಡಿ," ಎಂದ. ಅಜ್ಜಿ ಏಳಲು ಹೋಗಿ ಮುಗ್ಗರಿಸಿದಳು. ಮತ್ತೆ ಏಳಲು ಹೋದಳು, ಮತ್ತೆ ಬಿದ್ದಳು. ಯಾರೋ ನಕ್ಕರು. ಯಾರೂ ಮುಟ್ಟಲಿಲ್ಲ.

"ನೋಡಿದ್ರಾ, ಹೆಂಗೆ ತಲೆ ಮರೆಸ್ಕೊಂಡು ಬರ್ತಾರೆ," ಎಂದರು ತೋಟಪ್ಪನವರು. "ಪಾಪ, ಆ ಹುಡುಗಿ ಮನೆಯೋರು ಬಚಾವಾದ್ರು." ದಿವಾಕರ ಎಲೆಯ ಮೇಲಿನ ನೀರನ್ನು ಬೆರಳಿನಿಂದ ಒರೆಸುತ್ತಿದ್ದ. ನಾನು ಅವನ ಮುಖ ನೋಡಿದೆ. ಗ್ರಂಥಾಲಯದ ಕೋಣೆಯಲ್ಲಿ ಇಷ್ಟು ಹೊತ್ತಿಗೆ ಅವನು ಎದ್ದು ನಿಂತು ಮಾತಾಡುತ್ತಿದ್ದ. ಇಲ್ಲಿ ಎಲೆಯನ್ನು ಇನ್ನಷ್ಟು ಸ್ವಚ್ಛ ಮಾಡಿದ. ನಾನೂ ಪಲ್ಯದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಅವನನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ.

ನನ್ನ ಬೆನ್ನ ಹಿಂದೆ ಕುರ್ಚಿ ಕಿರ್ ಎಂದಿತು. ತಿರುಗಿದರೆ ಅಮ್ಮ ಎದ್ದು ನಿಂತಿದ್ದಳು. "ಕಾಂಚನಾ, ಕೂತ್ಕೋ," ಎಂದರು ಅಪ್ಪ, ಪಿಸುದನಿಯಲ್ಲಿ. ಅಮ್ಮ ಬರಿಯ ಎಡಗಾಲನ್ನು ಹುಲ್ಲಿಗೆ ಇಟ್ಟಳು, ಪ್ಲಾಸ್ಟರಿನ ಕಾಲನ್ನು ಅದರ ಹಿಂದೆ ಎಳೆದಳು. ಅವಳು ಅಜ್ಜಿಯ ಹತ್ತಿರ ಹೋಗುವಷ್ಟರಲ್ಲಿ ದಾರಿಯ ಎರಡೂ ಬದಿಯ ಮರಗಳು ಒಂದೊಂದೇ ಬಾಗಿದವು. ಮತ್ತಿ ಬಾಗಿತು, ಬೀಟೆ ಬಾಗಿತು, ಯಾರೋ ಉಯ್ಯಾಲೆ ಕಟ್ಟಿದ್ದ ಆಲದ ಕೊಂಬೆ ಇಳಿದು ಉಯ್ಯಾಲೆಯ ಮಗುವಿನ ಕಾಲು ನೆಲಕ್ಕೆ ತಾಗಿ, ಮಗು ಕೇಕೆ ಹಾಕಿತು. ಅಮ್ಮ ಯಾವುದನ್ನೂ ನೋಡಲಿಲ್ಲ. ಬಗ್ಗಿ ಅಜ್ಜಿಯ ಕಂಕುಳಿಗೆ ಕೈ ಕೊಟ್ಟು, "ಏಳವ್ವ, ನನ್ನ ಹಿಡ್ಕೋ," ಎಂದು ಎತ್ತಿ ನಿಲ್ಲಿಸಿದಳು.

ಕಾವಲುಗಾರ ಬೆಳಿಗ್ಗೆ ಬಾಗಿಲಲ್ಲಿ ಅಮ್ಮನಿಗೆ ಕೈಮುಗಿದಿದ್ದ ಮನುಷ್ಯನೇ. "ಹುಷಾರಾಗಿ ಹೋಗಿ ಬನ್ನಿ ತಾಯಿ," ಎಂದಿದ್ದ. ಈಗ, "ನೀನೂನಾ?" ಎಂದ. "ಯಾರ ಕಡೆಯವಳು ನೀನು? ಯಾರ ಜೊತೆ ಬಂದೆ?"

ಅಮ್ಮ ನಮ್ಮ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಾನು ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. "ಯಾರ ಜೊತೇನೂ ಇಲ್ಲ," ಎಂದಳು. "ಒಬ್ಬಳೇ ಬಂದೆ."

"ಮುರಿದ ಕಾಲಲ್ಲಿ ಒಬ್ಳೇ ಬಂದ್ಯಾ?"

"ಕಾಲು ಮುರಿದಿಲ್ಲಪ್ಪ. ನೋಡ್ತಿದೀಯಲ್ಲ, ನಿಂತಿದೀನಿ."

ಜನ ನಕ್ಕರು. ಕಾವಲುಗಾರ ನಮ್ಮ ಜಮಖಾನದ ಕಡೆ, ಖಾಲಿ ಕುರ್ಚಿಯ ಕಡೆ ನೋಡಿದ. ಒಂದು ಮಾತು ಸಾಕಿತ್ತು. ಅಪ್ಪ ಹೇಳಲಿಲ್ಲ. ನಾನು ಹೇಳಲಿಲ್ಲ. ಕಾವಲುಗಾರನಿಗೂ ಸಾಕಾಗಿತ್ತೋ ಏನೋ, ಕೋಲಿನಿಂದ ಹಾದಿ ತೋರಿಸಿದ. ಅಮ್ಮ ಮತ್ತು ಅಜ್ಜಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಮರಗಳ ನಡುವೆ ಹೋದರು. ಅವರು ಹೋದ ಕಡೆ ಕಾಡು ಬಾಗುತ್ತಾ ಏಳುತ್ತಾ ಇತ್ತು.

ಇನ್ನು ತೋಟಪ್ಪನವರು ಏಳುತ್ತಾರೆ, ಎಲೆ ಒದೆಯುತ್ತಾರೆ ಎಂದು ನಾನು ಕಾದೆ. ಅವರು ಎದ್ದೇಬಿಟ್ಟಿದ್ದರು. ಆದರೆ ಮಂಗಳಮ್ಮ ಅವರ ಪಂಚೆಯ ಚುಂಗು ಹಿಡಿದು ಕೂರಿಸಿದರು. ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ಸ್ಟೂಲನ್ನು ನನ್ನ ಹತ್ತಿರ ಎಳೆದುಕೊಂಡು, ತಲೆ ಸವರುವವರ ಹಾಗೆ ಬಗ್ಗಿ, ನನಗಷ್ಟೇ ಕೇಳುವಂತೆ ಮಾತಾಡಿದರು. "ಕೇಳು ಮಗಾ. ನಿಮ್ಮಮ್ಮ ಇವತ್ತು ಬರ್ಲೇ ಇಲ್ಲ. ಹುಷಾರಿಲ್ಲ ಅಂತ ಮನೇಲೇ ಉಳಿದ್ರು. ತಿಳೀತಾ? ಆ ಹೆಂಗಸು ತಾನೇ ಹೇಳ್ತಲ್ಲ, ಒಬ್ಳೇ ಬಂದೆ ಅಂತ. ನಮ್ಮ ಯಜಮಾನ್ರಿಗೆ ನಾನು ಹೇಳ್ಕೋತೀನಿ. ನಾಲ್ಕು ಜನದ ಮುಂದೆ ಬಿಡಿಸಿ ನೋಡೋಕೆ ಹೋದ್ರೆ ಯಾರ ಮನೆ ನಿಲ್ಲುತ್ತೆ?" ನಾನು ಏನೂ ಅರ್ಥವಾಗದವಳಂತೆ ನೋಡಿದೆ. ಅವರು ಬೂಟಿನ ತುದಿಯನ್ನು ಮೆಲ್ಲಗೆ ನೆಲಕ್ಕೆ ಕುಟ್ಟಿದರು. "ಇದರೊಳಗೆ ಮೂರು ಸುತ್ತು ಕಾಲುಚೀಲ ಇದೆ. ನನ್ನ ಮಗಂಗೂ ಗೊತ್ತಿಲ್ಲ. ಅಭ್ಯಾಸ ಆಗುತ್ತೆ ಮಗಾ. ಎಲ್ಲದೂ ಅಭ್ಯಾಸ ಆಗುತ್ತೆ."

ನಾನು ಕೂತೆ. ಎಲೆಗೆ ಪುಳಿಯೋಗರೆ ಬಡಿಸಿದೆ. ಮೊದಲು ತೋಟಪ್ಪನವರಿಗೆ, ಆಮೇಲೆ ದಿವಾಕರನಿಗೆ, ಅಪ್ಪನಿಗೆ, ಮಂಗಳಮ್ಮನಿಗೆ. ಕೊನೆಗೆ ನನಗೆ. ಮರಗಳು ನೆಟ್ಟಗೆ ನಿಂತಿದ್ದವು. ಸುತ್ತಲಿನವರು ಮತ್ತೆ ಶಟ್ಲ್ ಆಡಲು ಶುರು ಮಾಡಿದ್ದರು. ತೋಟಪ್ಪನವರು ಮುಖ ಊದಿಸಿಕೊಂಡೇ ಒಂದು ತುತ್ತು ತಿಂದರು, ಇನ್ನೊಂದು ತಿಂದರು, ಮುಖ ಸಡಿಲವಾಯಿತು. "ಪರವಾಗಿಲ್ವೇ. ಗೊಜ್ಜು ಯಾರ ಕೈದು?" ಎಂದರು. ನನಗಿಂತ ಮೊದಲು ಅಪ್ಪ, "ಕುಮುದಾನೇ ಮಾಡಿದ್ದು. ಬೆಳಿಗ್ಗೇನೇ ಎದ್ದು," ಎಂದರು. "ಹಾಗಾದ್ರೆ ನಮ್ಮ ಡಿಪೋ ಆಳುಗಳಿಗೂ ಇನ್ನು ಒಳ್ಳೇ ಊಟ," ಎಂದು ಅವರು ನಕ್ಕರು. ಮಂಗಳಮ್ಮನೂ ನಕ್ಕರು. ನಾನು ಒಂದು ತುತ್ತು ಬಾಯಿಗಿಟ್ಟೆ. ಚೆನ್ನಾಗಿತ್ತು. ಇನ್ನೊಂದು ಇಟ್ಟೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಇಳಿಯಿತು. ಬೆಳಿಗ್ಗೆಯಿಂದ ಹಸಿದಿದ್ದೆ.

ದಿವಾಕರ ನನ್ನ ಕಡೆ ವಾಲಿ, ಯಾರಿಗೂ ಕೇಳದಂತೆ, ತುಂಬಾ ಮೃದುವಾಗಿ ಹೇಳಿದ. "ಥ್ಯಾಂಕ್ಸ್ ಕುಮುದಾ. ನೀನು ಸುಮ್ನಿದ್ದಿದ್ದಕ್ಕೆ. ಎಷ್ಟು ಕಷ್ಟ ಆಗಿರುತ್ತೆ ಅಂತ ನಂಗೊತ್ತು." ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಎದ್ದು ಹೋಗಿದ್ದರೂ ಸಹಿಸಿಕೊಳ್ಳುತ್ತಿದ್ದೆ. ಅವನು ನನಗೆ ವಂದನೆ ಹೇಳಿದ. ಅಮ್ಮನನ್ನು ಹಾದಿಗೆ ನೂಕಿ ಅವಳ ಕೈಯಡುಗೆ ತಿನ್ನುತ್ತಾ ಕೂತವಳಿಗೆ, ನಮ್ಮ ಊರು ಕೊಡುವ ಎಲ್ಲ ಮರ್ಯಾದೆಯನ್ನೂ ಸೇರಿಸಿ ವಂದನೆ ಹೇಳಿದ. ನನ್ನ ಕಿವಿಯ ತುದಿಯವರೆಗೆ ಬೆಂಕಿ ಹತ್ತಿತು.

"ಇದನ್ನ ನಾನು ಮಾಡಿಲ್ಲ," ಎಂದೆ, ತೋಟಪ್ಪನವರಿಗೆ. ದನಿ ನನಗೇ ಜೋರಾಗಿ ಕೇಳಿಸಿತು. "ಅಮ್ಮ ಮಾಡಿದ್ದು. ಈಗ ಹೋದಳಲ್ಲ, ಅವಳೇ ನಮ್ಮಮ್ಮ. ಅಜ್ಜೀನ ಎತ್ತಿದವಳು."

"ಸುಮ್ನಿರೇ," ಎಂದರು ಅಪ್ಪ. ತೋಟಪ್ಪನವರ ಕೈ ಎಲೆಯಿಂದ ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತು. ಅಕ್ಕಪಕ್ಕದ ಜಮಖಾನದವರು ತಿರುಗಿದರು. ಗೊತ್ತಿದ್ದದ್ದೇ ಆದರೂ, ಆಡಿದ ಮೇಲೆ ಅದು ಬೇರೆ. ಎಲ್ಲರಿಗಿಂತ ಮೊದಲು ಎದ್ದವರು ಮಂಗಳಮ್ಮ. ಎಲೆಯನ್ನು ಎತ್ತಿ ಹುಲ್ಲಿನ ಮೇಲೆ ಬಿಸಾಡಿದರು. ಬಾಯೊಳಗಿನದನ್ನು ಉಗಿದರು. ಇಡೀ ಬಯಲಿಗೆ ಕೇಳುವಂತೆ, "ಥೂ! ಒಳಗಿನವಳ ಕೈದು ತಿನ್ನಿಸಿದ್ರಲ್ಲೋ! ಮೋಸಗಾರರು! ನಮ್ಮ ಮನೆತನ ಏನಂತ ತಿಳ್ಕೊಂಡ್ರಿ!" ಎಂದು ಎದೆ ಬಡಿದುಕೊಂಡರು. ದಪ್ಪ ಬೂಟಿನ ಕಾಲು ಅನ್ನವನ್ನು ತುಳಿಯುತ್ತಿತ್ತು.

ಒಂದು ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಬೂಟು ಬಿಚ್ಚಿ. ಅಷ್ಟೇ ಮಾತು. ಬಾಯಿಯನ್ನೂ ತೆರೆದೆ. ಮಂಗಳಮ್ಮನ ಕೂಗು ಹಾಗೇ ಇತ್ತು, ಆದರೆ ಅವರ ಕಣ್ಣು ನನ್ನ ಬಾಯಿಯ ಮೇಲಿತ್ತು, ಕೋಲು ಎತ್ತಿದವರನ್ನು ನಾಯಿ ನೋಡುವ ಹಾಗೆ. ನನ್ನ ಊರು ಒಬ್ಬ ಹೆಂಗಸನ್ನು ಇಷ್ಟು ವರ್ಷ ಹೀಗೆ ನೋಡುವಂತೆ ಮಾಡಿದೆಯಲ್ಲ ಎಂದು ಅವರ ಮೇಲಿನ ನನ್ನ ಸಿಟ್ಟೆಲ್ಲ ಬೇರೆ ಕಡೆ ಹರಿಯಿತು. ಬಾಯಿ ಮುಚ್ಚಿಕೊಂಡೆ. ಬಯಲಿನ ಆ ಎಲ್ಲ ಮುಖಗಳನ್ನು, ಫೋನು ಹಿಡಿದ ಕೈಗಳನ್ನು, ತಲೆ ತಗ್ಗಿಸಿ ಕೂತ ದಿವಾಕರನನ್ನು ಒಮ್ಮೆ ನೋಡಿದೆ. ಖಾಲಿ ಕುರ್ಚಿಯನ್ನು ತಿರುಗಿಸಿಕೊಂಡು, ಹಿಂಬಾಗಿಲಿನ ಹಾದಿಗೆ ತಳ್ಳಿದೆ. ಯಾರೂ ತಡೆಯಲಿಲ್ಲ. ನನಗೋಸ್ಕರ ಒಂದು ಮರವೂ ಅಲುಗಲಿಲ್ಲ.

ಅವರು ಬಹಳ ದೂರ ಹೋಗಿರಲಿಲ್ಲ. ಒಂದು ಬಿದಿರು ಮೆಳೆಯ ಹತ್ತಿರ ಅಜ್ಜಿ ಉಸಿರಿಗಾಗಿ ನಿಂತಿದ್ದಳು. ಗಾಲಿಯ ಸದ್ದು ಕೇಳಿ ಅಮ್ಮ ತಿರುಗಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಕಂಡದ್ದು ಸಂತೋಷವಲ್ಲ. "ಯಾಕೆ ಬಂದೆ?" ಎಂದಳು. "ಎಲ್ಲಾ ಸರಿಹೋಗಿತ್ತಲ್ಲೇ. ನಾನೊಬ್ಬಳೇ ಅಂತ ಹೇಳಿ ಬಂದಿದ್ದೆನಲ್ಲ. ಹಾಳು ಮಾಡ್ಕೊಂಡು ಬಂದ್ಯಾ?" ನಾನು ಕುರ್ಚಿಯನ್ನು ಅಜ್ಜಿಯ ಪಕ್ಕಕ್ಕೆ ತಂದು ನಿಲ್ಲಿಸಿದೆ. "ನಿಮ್ಮಪ್ಪ?" "ಪಾತ್ರೆ ಎತ್ತಿಡ್ತಿದಾರೆ." ಅಮ್ಮ ಹೂಂ ಎಂದಳು, ಅದು ತನಗೆ ಮೊದಲೇ ಗೊತ್ತಿತ್ತು ಎಂಬಂತೆ.

ಅಜ್ಜಿ ಕುರ್ಚಿಯನ್ನು ಮೇಲಿಂದ ಕೆಳಗೆ ನೋಡಿ, "ಹೊರಗಟ್ಟೋಕೂ ಗಾಡಿ ಕಳಿಸ್ತಾರಾ ಈಗ? ಕಾಲ ಸುಧಾರಿಸೈತೆ ಬುಡು," ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ಹತ್ತಿ ಕೂತಳು. ಕಾಲಿಡುವ ಹಲಗೆಯ ಮೇಲೆ ಪಾದ ಇಡು ಎಂದರೆ ಒಪ್ಪಲಿಲ್ಲ. ನೆಲಕ್ಕೆ ತಾಗುವಂತೆ ಇಳಿಬಿಟ್ಟಳು. ನಾನು ತಳ್ಳುತ್ತಾ ಹೋದೆ, ಅವಳ ಬೆರಳುಗಳು ಮಣ್ಣಿನಲ್ಲಿ ಗೆರೆ ಎಳೆಯುತ್ತಾ ಬಂದವು. ಮರಗಳು ಅವಳಿಗೂ ಅಮ್ಮನಿಗೂ ಬಾಗಿ, ನಾನು ಬರುವಷ್ಟರಲ್ಲಿ ಮೇಲೆದ್ದು ನಿಂತಿರುತ್ತಿದ್ದವು.

ಸ್ವಲ್ಪ ದೂರ ಹೋದ ಮೇಲೆ ಅಮ್ಮ ತಿರುಗದೆ ಕೇಳಿದಳು. "ಊಟ ಮಾಡಿದ್ಯಾ?"

ಇಲ್ಲ ಎನ್ನಬಹುದಿತ್ತು. ಅವಳಿಗೆ ಹಿತವಾಗುತ್ತಿತ್ತು. "ಎರಡು ತುತ್ತು," ಎಂದೆ.

ಅಮ್ಮನ ಕುಂಟು ಒಂದು ಹೆಜ್ಜೆ ತಪ್ಪಿತು, ಮತ್ತೆ ಸರಿಹೋಯಿತು. "ಅವಸರದಲ್ಲಿ ರುಚಿ ನೋಡಿರ್ಲಿಲ್ಲ. ಉಪ್ಪು?"

"ಸರಿಯಾಗಿತ್ತಮ್ಮ."

ಅವಳು ತಲೆಯಾಡಿಸಿದಳು. ಹಿಂಬಾಗಿಲು ಬರುವವರೆಗೂ ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ಅಜ್ಜಿ ಏನೋ ಕೇಳಿದಳು, ನನಗೆ ತಿಳಿಯದ ಮಾತಿನಲ್ಲಿ. ಅಮ್ಮ ಮೊದಲು ತಡವರಿಸಿದಳು, ಆಮೇಲೆ ಅದೇ ಮಾತಿನಲ್ಲಿ ಉತ್ತರ ಕೊಟ್ಟಳು. ಇಬ್ಬರೂ ಆ ಮರ ಈ ಮರ ತೋರಿಸುತ್ತಾ, ಒಬ್ಬರ ಮಾತನ್ನು ಒಬ್ಬರು ಕಸಿದುಕೊಳ್ಳುತ್ತಾ ನಗಲು ಶುರು ಮಾಡಿದರು. ನನ್ನ ಅಮ್ಮ ಅಷ್ಟು ಜೋರಾಗಿ ನಗುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಯಾವುದಕ್ಕೆ ನಗುತ್ತಿದ್ದಾಳೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ತಲೆ ತಗ್ಗಿಸಿ ಕುರ್ಚಿ ತಳ್ಳಿದೆ.